ಕೇಳಿ, ಹೇಳ್ತೀವಿ: ಮನೆಯೊಳಗಿನ ಗೋಡೆಗೆ ಕಿಟಕಿ ಯಾಕೆ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ನ್ಯೂಯಾರ್ಕಿನ ಟೆನೆಮೆಂಟ್ ಮ್ಯೂಸಿಯಂ ನೋಡಿ ಬಂದೆವು. ಹಳೇ ಬಾಡಿಗೆ ಮನೆಗಳ ಕಟ್ಟಡ. ಅಲ್ಲಿ ಅಡುಗೆಮನೆಗೂ ಮುಂದಿನ ಕೋಣೆಗೂ ನಡುವಿನ ಗೋಡೆಯಲ್ಲಿ ಗಾಜಿನ ಕಿಟಕಿ ಇತ್ತು. ಎರಡೂ ಕಡೆ ಒಂದೇ ಮನೆ! ಗೈಡ್ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ತಲೆಗೆ ಹತ್ತಲಿಲ್ಲ. ಮಗಳು ‘ಆಮೇಲೆ ಹೇಳ್ತೀನಮ್ಮಾ’ ಅಂದಳು. ಆ ಆಮೇಲೆ ಇನ್ನೂ ಬಂದಿಲ್ಲ.
— ಓದುಗರು, ಶಿವಮೊಗ್ಗ

ಉತ್ತರ: ನೀವು ನೋಡಬೇಕಾದ್ದನ್ನೇ ನೋಡಿದ್ದೀರಿ ಬಿಡಿ. ಆ ಕಿಟಕಿ ಅಂದಕ್ಕೆ ಇಟ್ಟದ್ದಲ್ಲ, ಕಾನೂನಿಗೆ ಹೆದರಿ ಕೊರೆದದ್ದು.

ಮೊದಲು ಸೈಟಿನ ಲೆಕ್ಕ. ನಮ್ಮಲ್ಲಿ ತರ್ಟಿ ಫಾರ್ಟಿ ಸೈಟು ಅನ್ನುವ ಹಾಗೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ 25 ಅಡಿ ಅಗಲ, 100 ಅಡಿ ಉದ್ದದ ಸೈಟು ಮಾಮೂಲು. ಆರ್ಚರ್ಡ್ ಸ್ಟ್ರೀಟಿನ 97ನೇ ನಂಬರಿನ ಈ ಕಟ್ಟಡವನ್ನು 1863ರಲ್ಲಿ ಕಟ್ಟಿಸಿದವನು ಲೂಕಾಸ್ ಗ್ಲಾಕ್ನರ್. ಜರ್ಮನಿ ಕಡೆಯಿಂದ ಬಂದ ದರ್ಜಿ. ತಾನೂ ಕೆಲವು ಕಾಲ ಅದರಲ್ಲೇ ವಾಸವಿದ್ದ. ಐದು ಅಂತಸ್ತು, ಒಂದೊಂದರಲ್ಲಿ ನಾಲ್ಕು ಮನೆ, ಎರಡು ಬೀದಿಯ ಕಡೆಗೆ, ಎರಡು ಹಿತ್ತಲ ಕಡೆಗೆ. ನೆಲಮಾಳಿಗೆಯಲ್ಲಿ ಬಿಯರ್ ಅಂಗಡಿ. ಎರಡೂ ಪಕ್ಕಕ್ಕೆ ಬೇರೆ ಕಟ್ಟಡಗಳು ಅಂಟಿಕೊಂಡೇ ನಿಲ್ಲುತ್ತಿದ್ದವು, ಆದ್ದರಿಂದ ಪಕ್ಕದ ಗೋಡೆಗೆ ಕಿಟಕಿ ಇಡುವ ಮಾತೇ ಇಲ್ಲ.

ಈಗ ಒಂದು ಮನೆಯೊಳಗೆ ಬನ್ನಿ. ಸುಮಾರು 325 ಚದರಡಿ, ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನ ಕೋಣೆಗೆ ಮಾತ್ರ ಹೊರಗಿನ ಬೆಳಕು. ಅದರ ಹಿಂದೆ ಅಡುಗೆಮನೆ, ಅಲ್ಲಿ ಕಲ್ಲಿದ್ದಲ ಒಲೆ. ಅದಕ್ಕೂ ಒಳಗೆ ಮಲಗುವ ಕೋಣೆ, ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಕತ್ತಲೆ. ನೀರು ಬೇಕೆಂದರೆ ಮೆಟ್ಟಿಲಿಳಿದು ಹಿತ್ತಲಿಗೆ ಹೋಗಬೇಕು, ಕಕ್ಕಸಿಗೂ ಅಲ್ಲಿಗೇ. ಐದನೇ ಅಂತಸ್ತಿನ ಬಸುರಿ ಹೆಂಗಸು ರಾತ್ರಿ ಎರಡು ಗಂಟೆಗೆ, ಹಿಮ ಬೀಳುವಾಗ ಅಷ್ಟೂ ಮೆಟ್ಟಿಲಿಳಿದು ಮತ್ತೆ ಹತ್ತುವುದನ್ನು ಸುಮ್ನೆ ಒಂದು ಸಲ ಯೋಚನೆ ಮಾಡಿ ನೋಡಿ.

ಕಾನೂನುಗಳು ಒಂದೊಂದಾಗಿ ಬಂದವು. 1867ರದ್ದು ಬೆಂಕಿ ಬಿದ್ದರೆ ಓಡಿಹೋಗಲು ಹೊರಗಡೆ ಕಬ್ಬಿಣದ ಏಣಿ ಬೇಕೆಂದಿತು, 20 ಜನಕ್ಕೆ ಒಂದು ಕಕ್ಕಸು ಬೇಕೆಂದಿತು. ಇಪ್ಪತ್ತಕ್ಕೆ ಒಂದು, ಅದೂ ಸುಧಾರಣೆ! 1879ರದ್ದು ಹೊಸದಾಗಿ ಕಟ್ಟುವ ಮನೆಗಳಿಗೆ. ಎಲ್ಲ ಕೋಣೆಗೂ ಗಾಳಿ ಬರಬೇಕು ಎಂದಿತು. ಮಾಲೀಕರು ಎರಡು ಕಟ್ಟಡಗಳ ನಡುವೆ ಬಾವಿಯಂಥ ಒಂದು ಸಂದು ಬಿಟ್ಟು ಕೈ ತೊಳೆದುಕೊಂಡರು. ಆ ಸಂದಿಗೆ ಜನ ಕಸ ಎಸೆದರು, ಬೆಂಕಿ ಬಿದ್ದಾಗ ಅದೇ ಚಿಮಣಿಯಾಯಿತು.

ನಿಮ್ಮ ಕಿಟಕಿಯ ಕಥೆ 1901ರ ಕಾನೂನಿನದು. ಅದು ಹಳೇ ಕಟ್ಟಡಗಳನ್ನೂ ಬಿಡಲಿಲ್ಲ. ಒಳಗಿನ ಕೋಣೆಗೂ ಬೆಳಕು ಗಾಳಿ ಬರಬೇಕು, ಎರಡು ಸಂಸಾರಕ್ಕೆ ಒಂದು ಕಕ್ಕಸು ಕಟ್ಟಡದ ಒಳಗೇ ಇರಬೇಕು, ಕಟ್ಟಡದೊಳಗೆ ಮನೆಗಳ ನಡುವಿನ ಓಣಿಯಲ್ಲಿ ದೀಪ ಉರಿಯಬೇಕು. ಆಗ ಕ್ಷಯರೋಗದ ಭಯ ಜಾಸ್ತಿ ಇತ್ತು, ಕತ್ತಲೆ ಕೋಣೆಯೇ ಅದಕ್ಕೆ ಕಾರಣ ಎಂಬ ನಂಬಿಕೆ. ಆದರೆ ಹೊರಗೋಡೆಯೇ ಇಲ್ಲದ ಕೋಣೆಗೆ ಕಿಟಕಿ ಎಲ್ಲಿಂದ ತರುವುದು? ಒಳಗಿನ ಗೋಡೆಯನ್ನೇ ಕೊರೆದು ಚೌಕಟ್ಟು ಕೂರಿಸಿ ಗಾಜು ಹಾಕಿದರು. ಮುಂದಿನ ಕೋಣೆಗೆ ಬಂದ ಬೆಳಕನ್ನು ಅಡುಗೆಮನೆ ಸಾಲ ತಗೊಂಡಿತು, ಅಲ್ಲಿ ಮಿಕ್ಕಿದ್ದು ಹಿಂದಿನ ಕೋಣೆಗೆ. ನನ್ನ ಕೇಳಿದರೆ ಇದು ಜುಗ್ಗತನದ ಕಿಟಕಿ. ಆದರೂ ಕಿಟಕಿಯೇ.

ಇಷ್ಟಕ್ಕೂ ಮಾಲೀಕರು ಸುಲಭಕ್ಕೆ ಒಪ್ಪಲಿಲ್ಲ. ಹಿತ್ತಲ ಕಕ್ಕಸು ತೆಗೆದು ಒಳಗೆ ಕಟ್ಟಬೇಕೆಂಬುದರ ಮೇಲೆ ಒಬ್ಬ ಮನೆಯೊಡತಿ ಹಾಕಿದ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1906ರಲ್ಲಿ ಅವರು ಸೋತರು.

ಪ್ರಶ್ನೆ: ಇಷ್ಟು ಕೆಟ್ಟ ಕಟ್ಟಡವನ್ನು ಕೆಡವದೆ ಯಾಕೆ ಉಳಿಸಿಕೊಂಡರು?

ಉತ್ತರ: ಉಳಿಸಬೇಕೆಂದು ಯಾರೂ ಉಳಿಸಲಿಲ್ಲ, ಇದೇ ತಮಾಷೆ. 1930ರ ದಶಕದಲ್ಲಿ ಬೆಂಕಿಯ ನಿಯಮ ಇನ್ನೂ ಬಿಗಿಯಾಯಿತು. ಆಗಿನ ಮಾಲೀಕ ಅದಕ್ಕೆ ದುಡ್ಡು ಹಾಕುವ ಬದಲು 1935ರಲ್ಲಿ ಬಾಡಿಗೆದಾರರನ್ನೆಲ್ಲ ಬಿಡಿಸಿ ಮೇಲಿನ ಅಂತಸ್ತುಗಳನ್ನು ಮುಚ್ಚಿಬಿಟ್ಟ. ಕೆಳಗಿನ ಅಂಗಡಿಗಳ ಬಾಡಿಗೆ ಸಾಕಾಗಿತ್ತು. 1988ರಲ್ಲಿ ಮ್ಯೂಸಿಯಂ ಮಾಡಲು ಜಾಗ ಹುಡುಕುತ್ತಿದ್ದ ರೂತ್ ಏಬ್ರಮ್ ಮತ್ತು ಅನಿತಾ ಜೇಕಬ್ಸನ್ ಅವರಿಗೆ ಇದು ಸಿಕ್ಕಿದಾಗ ಮೇಲೆಲ್ಲ 50 ವರ್ಷದ ಧೂಳು, ಗೋಡೆಗಳ ಮೇಲೆ ಒಂದರ ಮೇಲೊಂದು ಅಂಟಿಸಿದ ವಾಲ್‌ಪೇಪರ್. ಸುಮಾರು 7,000 ಜನ ಬಾಳಿ ಹೋಗಿದ್ದ ಕಟ್ಟಡ. ಮಾಲೀಕ ದುಡ್ಡಿನ ಮುಖ ನೋಡದಿದ್ದರೆ ರಿಪೇರಿ ಹೆಸರಲ್ಲಿ ಎಲ್ಲ ಅಳಿಸಿಹೋಗಿರುತ್ತಿತ್ತು. ಕೆಲವು ಮನೆಗಳನ್ನು ಆಯಾ ಕಾಲದ ಹಾಗೆ ಸಿಂಗರಿಸಿದ್ದಾರೆ, ಕೆಲವನ್ನು ಸುಣ್ಣ ಉದುರುವ ಹಾಗೆಯೇ ಬಿಟ್ಟಿದ್ದಾರೆ. ನನಗೆ ಉದುರುವ ಕೋಣೆಗಳೇ ಇಷ್ಟ.

ಪ್ರಶ್ನೆ: ನಮ್ಮ ವಠಾರಗಳ ಥರವೇ ಅಲ್ವಾ?

ಉತ್ತರ: ಅರ್ಧ ಹೌದು. ಚಿಕ್ಕ ಕೋಣೆ, ಹಂಚಿಕೊಂಡ ಕಕ್ಕಸು, ನಲ್ಲಿಯ ಜಗಳ ಎರಡೂ ಕಡೆ ಇದ್ದವು. ಆದರೆ ವಠಾರ ಅಂದರೆ ನಡುವೆ ಅಂಗಳ, ಮೇಲೆ ಆಕಾಶ. ಹಪ್ಪಳ ಒಣಗಿಸಲು, ಮಕ್ಕಳು ಕುಂಟಾಬಿಲ್ಲೆ ಆಡಲು ಜಾಗ. ನಾನು ಬೆಳೆದ ವಠಾರದಲ್ಲಿ ಎಂಟು ಸಂಸಾರಕ್ಕೆ ಎರಡು ಕಕ್ಕಸು, ಬೆಳಗ್ಗೆ ಚೊಂಬು ಹಿಡಿದು ಸಾಲು. ಆದರೆ ಕತ್ತಲೆಗೆ ಹೆದರಿದ್ದು ನೆನಪಿಲ್ಲ, ಬಾಗಿಲು ತೆಗೆದರೆ ಬಿಸಿಲು ಒಳಗೇ ಬರುತ್ತಿತ್ತು. ಆರ್ಚರ್ಡ್ ಸ್ಟ್ರೀಟಿನಲ್ಲಿ ಬಾಗಿಲು ತೆಗೆದರೆ ಸಿಗುತ್ತಿದ್ದದ್ದು ಇನ್ನೊಂದು ಕತ್ತಲೆ ಓಣಿ.