ಕೋಳಿ ಹಿಕ್ಕೆಯಲ್ಲಿ ಹುಳ ಬಿದ್ದರೆ ಮಕ್ಕಳ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲೂಕು. ಮನೆ ಹಿಂದಿನ ಅಡಿಕೆ ತೋಟದಲ್ಲಿ ಹದಿನೈದಿಪ್ಪತ್ತು ನಾಟಿ ಕೋಳಿ ಬಿಟ್ಟಿದ್ದೇವೆ. ಈಚೆಗೆ ಎಷ್ಟು ತಿಂದರೂ ಮೈ ಹಿಡಿಯುತ್ತಿಲ್ಲ, ಮೊಟ್ಟೆಯೂ ಕಮ್ಮಿ. ಮೊನ್ನೆ ಒಂದು ಹೇಂಟೆಯ ಹಿಕ್ಕೆಯಲ್ಲಿ ಶಾವಿಗೆ ಎಳೆಯಂಥ ಬಿಳಿ ಹುಳ ಕಂಡಿತು. ಮಕ್ಕಳಿಗೆ ಕೊಡುವ 400 ಎಂಜಿ ಜಂತುಹುಳದ ಮಾತ್ರೆ ಮನೆಯಲ್ಲಿದೆ. ಪುಡಿ ಮಾಡಿ ನೀರಿಗೆ ಹಾಕಲಾ ಡಾಕ್ಟ್ರೇ? ಮೊಟ್ಟೆ ತಿನ್ನಬಹುದಾ?

ಉತ್ತರ: ನೀವು ನೋಡಿದ್ದು ದುಂಡು ಜಂತುಹುಳ, ಬಹುತೇಕ ಅನುಮಾನವಿಲ್ಲ. ಕೋಳಿಯ ಸಣ್ಣ ಕರುಳಲ್ಲಿ ಇರುತ್ತದೆ, ಬೆಳೆದ ಹೆಣ್ಣು ಹುಳ ಹತ್ತು ಸೆಂಟಿಮೀಟರ್ ಆಸುಪಾಸು ಉದ್ದ ಆಗುತ್ತದೆ. ಮಕ್ಕಳ ಮಾತ್ರೆಯಲ್ಲಿರುವುದು ಅಲ್ಬೆಂಡಜೋಲ್, ಕೋಳಿಗೂ ಅದೇ ಔಷಧ ಕೊಡುತ್ತೇವೆ, ಹಾಗಾಗಿ ನಿಮ್ಮ ಯೋಚನೆ ಪೂರ್ತಿ ತಪ್ಪಲ್ಲ. ಆದರೆ ಲೆಕ್ಕ ನೋಡಿ. ಒಂದು ಕೆ.ಜಿ. ತೂಕಕ್ಕೆ 10 ಎಂಜಿ ಸಾಕು. ಒಂದೂವರೆ ಕೆ.ಜಿ. ಹೇಂಟೆಗೆ ಬೇಕಾದದ್ದು 15 ಎಂಜಿ, ಅಂದರೆ ಒಂದೇ ಮಾತ್ರೆ ಇಪ್ಪತ್ತಾರು ಕೋಳಿಗೆ ಆಗುತ್ತದೆ! ಅದನ್ನು ಮನೆಯಲ್ಲಿ ಸಮನಾಗಿ ಹಂಚೋಕೆ ಆಗುತ್ತಾ? ಮೇಲಾಗಿ ಈ ಪುಡಿ ನೀರಲ್ಲಿ ಕರಗುವುದಿಲ್ಲ, ತಳಕ್ಕೆ ಕೂತುಬಿಡುತ್ತದೆ. ಗಟ್ಟಿಮುಟ್ಟಾದ ಹುಂಜ ನುಗ್ಗಿ ಕುಡಿಯುತ್ತದೆ, ಸೊರಗಿದ ಕೋಳಿ ಮೂಲೆಯಲ್ಲೇ ಇರುತ್ತದೆ. ಔಷಧ ಬೇಕಿದ್ದದ್ದು ಅದಕ್ಕೇ ಅಲ್ವಾ?

ಮಾತ್ರೆ ಬಿಡಿ. ಪಶು ಔಷಧದ ಅಂಗಡಿಯಲ್ಲಿ ಇದೇ ಔಷಧ ದ್ರವದ ರೂಪದಲ್ಲಿ ಸಿಗುತ್ತದೆ. ಬಾಟಲಿ ಮೇಲೆ 2.5 ಪರ್ಸೆಂಟ್ ಅಂತ ಇದ್ದರೆ ಒಂದು ಎಂ.ಎಲ್.ನಲ್ಲಿ 25 ಎಂಜಿ ಇದೆ ಎಂದರ್ಥ. ಒಂದೂವರೆ ಕೆ.ಜಿ. ಕೋಳಿಗೆ 0.6 ಎಂ.ಎಲ್. ಬೇರೆ ಬಾಟಲಿಯಾದರೆ ಲೆಕ್ಕವೂ ಬೇರೆ, ಕೊಳ್ಳುವಾಗಲೇ ಪಶು ಆಸ್ಪತ್ರೆಯಲ್ಲಿ ತೋರಿಸಿ ಕೇಳಿಕೊಳ್ಳಿ. ಚೆನ್ನಾಗಿ ಅಲುಗಾಡಿಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದು, ಸಂಜೆ ಗೂಡಿಗೆ ಬಂದಾಗ ಒಂದೊಂದಾಗಿ ಹಿಡಿದು ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಬಿಡಿ. ಒಂದೇ ಸಲಕ್ಕೆ ಒತ್ತಬೇಡಿ, ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಔಷಧ ಅಲ್ಲಿಗೆ ಹೋದರೆ ಕೋಳಿ ಉಳಿಯುವುದು ಕಷ್ಟ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಕೊಡಿ. ಪುಕ್ಕ ಉದುರಿಸಿ ಹೊಸದು ಬರುತ್ತಿರುವ ಕೋಳಿಗೆ ಸದ್ಯಕ್ಕೆ ಬೇಡ.

ಪೈಪರಜಿನ್ ಅಗ್ಗ, ನೀರಲ್ಲಿ ಕರಗುತ್ತದೆ, ಅದೂ ಆಗುತ್ತದೆ. ಆದರೆ ದುಂಡು ಹುಳಕ್ಕೆ ಮಾತ್ರ. ಹಿಕ್ಕೆಯಲ್ಲಿ ಚಪ್ಪಟೆ ಬಿಳಿ ತುಣುಕು ಕಂಡರೆ ಅದು ಲಾಡಿಹುಳ, ಅದಕ್ಕೆ ಪೈಪರಜಿನ್ ಏನೂ ಮಾಡುವುದಿಲ್ಲ. ಬೆಳ್ಳುಳ್ಳಿ, ಬೇವಿನ ಸೊಪ್ಪು ಹಾಕಿದರೆ ನಷ್ಟವಿಲ್ಲ, ಆದರೆ ಹಿಕ್ಕೆಯಲ್ಲಿ ಹುಳ ಬೀಳುವಷ್ಟು ಆದಮೇಲೆ ಅದನ್ನೇ ನಂಬಿಕೊಂಡು ಕೂರಬೇಡಿ.

ಇನ್ನು ನಿಮ್ಮ ತೋಟದ ವಿಷಯ. ನನ್ನ ಪ್ರಕಾರ ಅಸಲಿ ಸಮಸ್ಯೆ ಅಲ್ಲಿದೆ. ಹುಳದ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕರೆ ಎರಡು ಮೂರು ವಾರದಲ್ಲಿ ರೋಗ ಹತ್ತಿಸಲು ತಯಾರಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಮಣ್ಣಲ್ಲಿ ಬದುಕಿರುತ್ತದೆ. ಎರೆಹುಳದ ಹೊಟ್ಟೆಯಲ್ಲೂ ಇರಬಹುದು, ಕೋಳಿ ಅದನ್ನು ಹೆಕ್ಕಿ ತಿನ್ನುತ್ತದೆ. ಜಗಳೂರು, ಚಳ್ಳಕೆರೆ ಕಡೆಯ ಒಣ ಬಿಸಿಲಿಗೆ ಅದು ಬೇಗ ಸಾಯುತ್ತದೆ, ನಿಮ್ಮ ಅಡಿಕೆ ಮರದ ನೆರಳಲ್ಲಿ, ದಿನಾ ನೀರು ಬೀಳುವ ಮಣ್ಣಲ್ಲಿ ಹಾಯಾಗಿರುತ್ತದೆ. ಹಾಗಾಗಿ ಗೂಡನ್ನು ಬಿಸಿಲು ಬೀಳುವ, ನೀರು ನಿಲ್ಲದ ಜಾಗಕ್ಕೆ ತನ್ನಿ. ರಾತ್ರಿ ಕೋಳಿ ಕೂರುವ ಕಡೆ ಕೆಳಗೆ ಬಿದ್ದ ಹಿಕ್ಕೆಯನ್ನು ದಿನಾ ಗುಡಿಸಿ ತಿಪ್ಪೆಯ ಒಳಕ್ಕೆ ಮುಚ್ಚಿ, ಅಲ್ಲಿನ ಕಾವಿಗೆ ಮೊಟ್ಟೆ ಸಾಯುತ್ತದೆ. ಜೋಳ, ನುಚ್ಚನ್ನು ನೆಲಕ್ಕೆ ಎರಚಬೇಡಿ, ತಟ್ಟೆಯಲ್ಲಿ ಹಾಕಿ. ಮೂರು ತಿಂಗಳೊಳಗಿನ ಮರಿಗಳಿಗೆ ಈ ಹುಳದ ಕಾಟ ಜಾಸ್ತಿ, ಅವನ್ನು ದೊಡ್ಡ ಕೋಳಿಗಳ ಜಾಗದಲ್ಲಿ ಬಿಡಬೇಡಿ. ಇಷ್ಟು ಮಾಡದೆ ಔಷಧ ಮಾತ್ರ ಕೊಟ್ಟರೆ ಎರಡು ತಿಂಗಳಿಗೆ ಮತ್ತೆ ಇದೇ ಪ್ರಶ್ನೆ ಬರುತ್ತದೆ.

ಮೊಟ್ಟೆ, ಮಾಂಸ: ಈ ಹುಳ ಮನುಷ್ಯರಿಗೆ ಹತ್ತುವುದಿಲ್ಲ, ಹೆದರಬೇಡಿ. ಮೊಟ್ಟೆ, ಮಾಂಸ ತಿನ್ನುವುದನ್ನು ಬಿಡಬೇಕಾದದ್ದು ಔಷಧದ ಕಾರಣಕ್ಕೆ. ಬಾಟಲಿ ಮೇಲೆ ಬರೆದಷ್ಟು ದಿನ ಬಿಡಿ, ಬರೆದಿಲ್ಲದಿದ್ದರೆ ನಾನು ಎರಡು ವಾರ ಎನ್ನುತ್ತೇನೆ. ಆ ದಿನಗಳ ಮೊಟ್ಟೆಯನ್ನು ಮಾರಬೇಡಿ, ಕಾವಿಗೂ ಇಡಬೇಡಿ.

ಪ್ರಶ್ನೆ: ಹಿರಿಯೂರಿನಿಂದ. ಒಂದೂವರೆ ತಿಂಗಳ ಮರಿಗಳು ರಕ್ತ ಮಿಶ್ರಿತ ಹಿಕ್ಕೆ ಹಾಕುತ್ತಿವೆ. ಹುಳದ ಔಷಧ ಕೊಟ್ಟರೂ ಸಾಯುತ್ತಿವೆ.

ಉತ್ತರ: ಇದು ಹುಳ ಅಲ್ಲ, ರಕ್ತಭೇದಿ ಅಂತ ಕಾಣುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಯಿಂದ ಬರುತ್ತದೆ, ಜಂತುಹುಳದ ಔಷಧ ಇದಕ್ಕೆ ನಾಟುವುದಿಲ್ಲ. ಆಂಪ್ರೋಲಿಯಂನಂಥ ಬೇರೆ ಔಷಧ ಬೇಕು. ತಡ ಮಾಡಬೇಡಿ. ಇವತ್ತಿನ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಹಾಕಿ, ಸತ್ತ ಮರಿ ಇದ್ದರೆ ಅದನ್ನೂ ಕವರಿನಲ್ಲಿ ಕಟ್ಟಿ, ತಾಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಅಷ್ಟರಲ್ಲಿ ಒದ್ದೆಯಾದ ಹೊಟ್ಟು ತೆಗೆದು ಒಣ ಹೊಟ್ಟು ಹಾಸಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಬಾಕಿ ಇದ್ದರೆ ಮರಿ ಚೇತರಿಸಿಕೊಂಡ ಮೇಲೆಯೇ ಹಾಕಿಸಿ.