ಬಾಗಿಲು ತಟ್ಟಿದ ಡೆಲಿಗೇಟ್

ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್‌ಗೆ ಬಂದು ಮೂರೇ ವಾರ, ಆಗಲೇ ಯಾರೋ ಬಾಗಿಲು ತಟ್ಟಿ, ಕರಪತ್ರ ಕೊಟ್ಟು, "ನಾನು ಡೆಲಿಗೇಟ್ ಸ್ಥಾನಕ್ಕೆ ನಿಂತಿದ್ದೇನೆ" ಅಂದರು ಅಂತ ಬರೆದಿದ್ದೀರಿ. ಹಿಂದೆ ಮುಂದೆ ಯಾರೂ ಇರಲಿಲ್ಲ, ಕೈಯಲ್ಲಿ ಬರೀ ನೀರಿನ ಬಾಟಲಿ. ಇವರು ನಮ್ಮ ಎಂಎಲ್‌ಎ ಥರಾನಾ, ಪರಿಚಯ ಇಟ್ಟುಕೊಂಡರೆ ಕೆಲಸ ಆಗುತ್ತಾ ಅಂತ ನಿಮ್ಮ ಪ್ರಶ್ನೆ. ಹದಿನಾಲ್ಕು ವರ್ಷದಿಂದ ಇದೇ ಲೌಡನ್ ಕೌಂಟಿಯಲ್ಲಿದ್ದೇನೆ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಎಂಎಲ್‌ಎ ಅನ್ನಬಹುದು. ಆದರೆ ದರ್ಬಾರು ಇಲ್ಲ. ವರ್ಜೀನಿಯಾದ ಕೆಳಮನೆಯಲ್ಲಿ 100 ಡೆಲಿಗೇಟ್‌ಗಳು, ಮೇಲ್ಮನೆಯಲ್ಲಿ 40 ಸೆನೆಟರ್‌ಗಳು. ಒಬ್ಬ ಡೆಲಿಗೇಟ್ ಪಾಲಿಗೆ ಬರುವುದು ಸುಮಾರು 86 ಸಾವಿರ ಜನ. ನಮ್ಮ ಕರ್ನಾಟಕದಲ್ಲಿ 224 ಕ್ಷೇತ್ರ, ಒಂದೊಂದಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಅದಕ್ಕೇ ಇಲ್ಲಿ ಮನೆ ಮನೆ ಸುತ್ತಲು ಆಗುತ್ತದೆ. ಸಂಬಳ ಕೇಳಿದರೆ ನಗುತ್ತೀರಿ. ಡೆಲಿಗೇಟ್‌ಗೆ ವರ್ಷಕ್ಕೆ 17,640 ಡಾಲರ್, ಸೆನೆಟರ್‌ಗೆ 18,000. ನಿಮ್ಮ ಅಪಾರ್ಟ್‌ಮೆಂಟ್ ಬಾಡಿಗೆಗೂ ಸಾಲದು! ಅಧಿವೇಶನವೂ ಅಷ್ಟೇ. ಜನವರಿಯ ಎರಡನೇ ಬುಧವಾರ ರಾಜಧಾನಿ ರಿಚ್‌ಮಂಡ್‌ನಲ್ಲಿ ಶುರು, ಒಂದು ವರ್ಷ 60 ದಿನ, ಮರುವರ್ಷ ಒಂದೂವರೆ ತಿಂಗಳು. ಆಮೇಲೆ ವಕೀಲರು ಕೋರ್ಟಿಗೆ, ಅಂಗಡಿ ಇರುವವರು ಅಂಗಡಿಗೆ.

ಇನ್ನೊಂದು ದೊಡ್ಡ ವ್ಯತ್ಯಾಸ ಟಿಕೆಟ್‌ದು. ಇಲ್ಲಿ ಬಿ ಫಾರ್ಮ್‌ಗಾಗಿ ಡೆಲ್ಲಿಗೆ ಓಡುವ ಹೈಕಮಾಂಡ್ ಇಲ್ಲ. ಕ್ಷೇತ್ರದ 125 ಮತದಾರರ ಸಹಿ ತಂದರೆ ಪಕ್ಷದ ಪ್ರೈಮರಿಗೆ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೆ, ನಿಲ್ಲಬಹುದು. ಅಲ್ಲಿ ಯಾರು ಗೆಲ್ಲಬೇಕು ಅಂತ ಮತದಾರರೇ ತೀರ್ಮಾನಿಸುತ್ತಾರೆ. ದುಡ್ಡು ಬೇಡವೇ ಬೇಡ ಅಂತಲ್ಲ, ಬೇಕೇ ಬೇಕು. ಆದರೂ ಹೊಸಬರಿಗೆ ಬಾಗಿಲು ಸಂದಿಯಷ್ಟಾದರೂ ತೆರೆದಿರುತ್ತದೆ.

ಆ ಸಂದಿಯಲ್ಲಿ ಒಬ್ಬರು ಒಳಗೆ ಹೋಗಿದ್ದನ್ನು ನಾವು ಇಲ್ಲಿಂದಲೇ ನೋಡಿದ್ದೇವೆ. ಸುಹಾಸ್ ಸುಬ್ರಮಣ್ಯಂ. ಹುಟ್ಟಿದ್ದು ಹ್ಯೂಸ್ಟನ್‌ನಲ್ಲಿ, ಓದಿದ್ದು ಕಾನೂನು, ಒಬಾಮಾ ಕಾಲದಲ್ಲಿ ಶ್ವೇತಭವನದಲ್ಲಿ ತಂತ್ರಜ್ಞಾನದ ಸಲಹೆಗಾರ. ಅವರಮ್ಮ ಭಾರತದಿಂದ ಬಂದು ಇಳಿದದ್ದು ನೀವು ಮೊನ್ನೆ ಇಳಿದ ಇದೇ ವಾಷಿಂಗ್ಟನ್ ಡಲ್ಲೆಸ್ ಏರ್‌ಪೋರ್ಟಿನಲ್ಲಿ. 2019ರ ನವೆಂಬರ್‌ನಲ್ಲಿ ಗೆದ್ದು ಡೆಲಿಗೇಟ್ ಆದರು. 2023ರಲ್ಲಿ ರಾಜ್ಯದ ಸೆನೆಟ್. ಅಲ್ಲಿ ಕುರ್ಚಿ ಬಿಸಿಯಾಗುವ ಮುಂಚೆಯೇ, ನಮ್ಮ ಭಾಗದಿಂದ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಹೋಗಿದ್ದ ಸದಸ್ಯೆ ಜೆನಿಫರ್ ವೆಕ್ಸ್‌ಟನ್ ಕಾಯಿಲೆಯಿಂದಾಗಿ ಮತ್ತೆ ನಿಲ್ಲುವುದಿಲ್ಲ ಅಂದುಬಿಟ್ಟಿದ್ದರು. ಆಕೆಯೂ ಮೊದಲು ಇದೇ ರಾಜ್ಯದ ಸೆನೆಟರ್. ಆ ಜಾಗಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹನ್ನೆರಡು ಮಂದಿ! ಸುಹಾಸ್ ಗೆದ್ದರು, 2024ರ ನವೆಂಬರ್‌ನ ಮುಖ್ಯ ಚುನಾವಣೆಯಲ್ಲೂ ಗೆದ್ದರು, 2025ರ ಜನವರಿ 3ರಂದು ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದರು. ಅವರು ಬಿಟ್ಟ ಸೆನೆಟ್ ಜಾಗಕ್ಕೆ ಡೆಲಿಗೇಟ್ ಆಗಿದ್ದ ಕಣ್ಣನ್ ಶ್ರೀನಿವಾಸನ್ ಬಂದರು. ಕಣ್ಣನ್ ಬಿಟ್ಟ ಜಾಗಕ್ಕೆ ಜೆಜೆ ಸಿಂಗ್. ಒಂಥರಾ ಕುರ್ಚಿ ಆಟ. ಒಂದೇ ದಿನ ಎರಡು ಉಪಚುನಾವಣೆ, ಕೊರೆಯುವ ಚಳಿ.

ನಿಮಗೆ ನಮ್ಮ ಬೆಳಗಾವಿ ಕಡೆಯವರೇ ಬೇಕು ಅಂದರೆ ಶ್ರೀ ಥಾಣೇದಾರ್ ಇದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಆಗಲು ಹೊರಟು ಪ್ರೈಮರಿಯಲ್ಲೇ ಸೋತರು. ಆಮೇಲೆ ಒಂದು ಮೆಟ್ಟಿಲು ಕೆಳಗಿಳಿದು ಡೆಟ್ರಾಯ್ಟ್‌ನಿಂದ ರಾಜ್ಯದ ಸಭೆಗೆ ಹೋಗಿ, ಒಂದೇ ಅವಧಿ ಕೂತು, 2023ರಲ್ಲಿ ಕಾಂಗ್ರೆಸ್ ಸೇರಿದರು.

ಈಗ ಕೆಲಸದ ಮಾತು. ಡೆಲಿಗೇಟ್ ಕೈಯಲ್ಲಿರುವುದು ರಾಜ್ಯದ ಸಂಗತಿಗಳು: ರಸ್ತೆ, ಶಾಲೆಗೆ ದುಡ್ಡು, ಡ್ರೈವಿಂಗ್ ಲೈಸೆನ್ಸ್, ಬಾಡಿಗೆದಾರರ ಕಾನೂನು. ಡಲ್ಲೆಸ್ ಗ್ರೀನ್‌ವೇ ಮೇಲೆ ಹೋದಿರಾ? 14 ಮೈಲಿಯ ಖಾಸಗಿ ರಸ್ತೆ, ಒಂದು ಸಲಕ್ಕೆ 5 ಡಾಲರ್‌ಗೂ ಜಾಸ್ತಿ. ಆ ಟೋಲ್ ವಿಷಯ ಹಿಡಿದು ರಿಚ್‌ಮಂಡ್‌ನಲ್ಲಿ ಮಸೂದೆ ತಂದವರಲ್ಲಿ ಸುಹಾಸ್ ಒಬ್ಬರು. ಆದರೆ ವೀಸಾ, ಗ್ರೀನ್ ಕಾರ್ಡ್ ಇವರ ಕೈಯಲ್ಲಿಲ್ಲ. ನಮ್ಮತ್ತೆಯ ವಿಸಿಟರ್ ವೀಸಾ ತಿರಸ್ಕಾರವಾದಾಗ ನಾನು ಗೊತ್ತಿಲ್ಲದೆ ಡೆಲಿಗೇಟ್ ಕಚೇರಿಗೆ ಉದ್ದದ ಈಮೇಲ್ ಬರೆದಿದ್ದೆ. "ಇದು ವಾಷಿಂಗ್ಟನ್‌ನ ಕಾಂಗ್ರೆಸ್ ಸದಸ್ಯರ ಕಚೇರಿಗೆ ಹೋಗಬೇಕು" ಅಂತ ಮರುದಿನವೇ ಉತ್ತರ ಬಂತು. ಉತ್ತರ ಬಂದದ್ದೇ ನನಗೆ ಆಶ್ಚರ್ಯ. ಮತ ಹಾಕುವ ಹಕ್ಕಿಲ್ಲದಿದ್ದರೂ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು, ಕೇಳಬಹುದು. ಶಿಫಾರಸು ಪತ್ರ, ವರ್ಗಾವಣೆ ಅಂತ ಮಾತ್ರ ಹೋಗಬೇಡಿ. ಅರ್ಥವೇ ಆಗುವುದಿಲ್ಲ ಅವರಿಗೆ.

ಎರಡು ಕಡೆ ಹುಷಾರು. ನೀವಿರುವುದು ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ. ಹಾಗಾಗಿ ಯಾವ ಅಭ್ಯರ್ಥಿಗೂ, ಯಾವ ಮಟ್ಟದ ಚುನಾವಣೆಗೂ ದುಡ್ಡು ಕೊಡುವಂತಿಲ್ಲ. 10 ಡಾಲರ್ ಆದರೂ ಕಾನೂನು ಬಾಹಿರ. ನನ್ನ ಮೊದಲ ವರ್ಷ ಗೆಳೆಯರ ಮನೆಯ ಊಟಕ್ಕೆ ಅಂತ ಹೋದರೆ ಅದು ಚಂದಾ ಎತ್ತುವ ಕಾರ್ಯಕ್ರಮ. 25 ಡಾಲರ್ ತೆಗೆದು ಕೊಡುವುದರಲ್ಲಿದ್ದೆ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈ ಹಿಡಿದು ನಿಲ್ಲಿಸಿದರು. ಗ್ರೀನ್ ಕಾರ್ಡ್ ಬಂದ ಮೇಲೆ ಕೊಡಬಹುದು. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯುವುದಕ್ಕೆ ಈಗಲೂ ಅಡ್ಡಿಯಿಲ್ಲ. ಎರಡನೆಯದು ಇನ್ನೂ ಮುಖ್ಯ. ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಒ) ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಬೇಕಾ ಅಂತ ಕೇಳುತ್ತಾರೆ. ಅವಸರದಲ್ಲಿ ಹೂಂ ಅನ್ನಬೇಡಿ. ನಾನು ಪ್ರಜೆ ಅಂತ ಸುಳ್ಳು ಸಹಿ ಬಿದ್ದರೆ ಗ್ರೀನ್ ಕಾರ್ಡ್ ಕನಸಿಗೇ ಕುತ್ತು.

ಅವರು ಮತ್ತೆ ಬಂದರೆ "ನನಗೆ ಮತ ಇಲ್ಲ" ಅಂತ ಹೇಳಿಬಿಡಿ, ತಪ್ಪೇನಿಲ್ಲ. ಟೋಲ್ ಬಗ್ಗೆ ಒಂದು ಮಾತು ಕೇಳಿ. ಒಂದು ಲೋಟ ತಣ್ಣನೆ ನೀರೂ ಕೊಡಿ, ಜುಲೈ ಸೆಕೆ ಇಲ್ಲಿ ಮಂಗಳೂರಿಗೇನೂ ಕಮ್ಮಿ ಇಲ್ಲ.