ಓದುವ ಸರದಿ ಬಂದ ದಿನ ಗೈರುಹಾಜರು: ವಯಸ್ಕರ ಸಂಜೆ ತರಗತಿಯ ಒಂದು ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಕಲಿಕೆಯ ತೊಂದರೆ ಇದೆಯೇ ಎಂದು ಶೋಧಿಸುವ ನನ್ನ ಬಳಿ ಬಂದವರು ನಲವತ್ತು ದಾಟಿದ ಮಹಿಳೆ, ಒಂದು ಸ್ವಸಹಾಯ ಸಂಘದ ಅಧ್ಯಕ್ಷೆ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಿದ್ದರು. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಬೇಕೆಂದು ಸಂಜೆ ತರಗತಿಗೆ ಸೇರಿದ್ದರು. ಶಿಕ್ಷಕರು ಕಳಿಸಿದ ಚೀಟಿಯಲ್ಲಿ ಹೀಗಿತ್ತು: ‘ಬುದ್ಧಿವಂತರು, ಆದರೆ ಗಮನ ಸಾಲದು. ಗಟ್ಟಿಯಾಗಿ ಓದಿಸುವ ದಿನ ಬರುವುದೇ ಇಲ್ಲ.’ ಮೊದಲ ವಾಕ್ಯವನ್ನು ನಾನು ಪಕ್ಕಕ್ಕಿಟ್ಟೆ. ಗಮನ ಇಲ್ಲದವರಿಗೆ ಓದಿಸುವ ದಿನ ಯಾವುದೆಂದು ಅಷ್ಟು ಕರಾರುವಾಕ್ಕಾಗಿ ತಿಳಿದಿರುವುದಿಲ್ಲ.

ಸಂಘದಲ್ಲಿ ಯಾರ ಉಳಿತಾಯ ಎಷ್ಟು, ಯಾರ ಸಾಲದ ಕಂತು ಬಾಕಿ ಎಂಬುದೆಲ್ಲ ಅವರಿಗೆ ಬಾಯಲ್ಲೇ ಇತ್ತು. ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಯಂತೆ ಏಳು ತಿಂಗಳ ಲೆಕ್ಕ ಕೇಳಿದರೆ ನಾನು ಕಾಗದ ಹುಡುಕುವಷ್ಟರಲ್ಲಿ ಉತ್ತರ ಹೇಳಿದರು. ಆದರೆ ನಡಾವಳಿ ಪುಸ್ತಕವನ್ನು ಯಾವಾಗಲೂ ಬೇರೆಯವರೇ ಬರೆಯುತ್ತಿದ್ದರು. ಬ್ಯಾಂಕಿನಲ್ಲಿ ಅರ್ಜಿ ಮುಂದಿಟ್ಟರೆ, “ಕನ್ನಡಕ ಮರೆತು ಬಂದೆ, ನೀವೇ ತುಂಬಿ ಕೊಡಿ” ಎನ್ನುತ್ತಿದ್ದರು. ಅವರ ಬಳಿ ಕನ್ನಡಕವೇ ಇರಲಿಲ್ಲ.

ಹಾಗಾಗಿ ಮೊದಲು ಕಳಿಸಿದ್ದು ಕಣ್ಣಿನ ತಪಾಸಣೆಗೆ. ನಲವತ್ತರ ನಂತರ ಹತ್ತಿರದ ಅಕ್ಷರ ಮಸುಕಾಗುವುದು ಸಹಜ, ಅವರಿಗೂ ಆಗಿತ್ತು. ಕನ್ನಡಕ ಬಂದಿತು, ತಲೆನೋವು ಹೋಯಿತು, ಓದು ಮಾತ್ರ ಕುಂಟುತ್ತಲೇ ಉಳಿಯಿತು. ಕಿವಿ, ಥೈರಾಯ್ಡ್, ರಕ್ತಹೀನತೆ, ನಿದ್ದೆ, ಮನಸ್ಸಿನ ಕುಗ್ಗು ಇವನ್ನೂ ವಿಚಾರಿಸಿದೆ. ವಯಸ್ಕರಲ್ಲಿ ಇಷ್ಟನ್ನು ನೋಡದೆ ಕಲಿಕಾ ನ್ಯೂನತೆಯ (ಬುದ್ಧಿ ಚುರುಕಿದ್ದರೂ ಓದು, ಬರಹ ಅಥವಾ ಲೆಕ್ಕ ಹತ್ತದ ಸ್ಥಿತಿಯ) ಮಾತೆತ್ತುವುದು ಬೇಜವಾಬ್ದಾರಿ ಎಂದೇ ನನ್ನ ಅಭಿಪ್ರಾಯ.

ನಂತರದ ತೊಡಕು ಇನ್ನೂ ದೊಡ್ಡದು. ಕಲಿಕಾ ನ್ಯೂನತೆ ಗುರುತಿಸಲು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ನಿಮ್ಹಾನ್ಸ್ ಪರೀಕ್ಷಾ ಸರಣಿ ಮಕ್ಕಳಿಗಾಗಿ ರೂಪಿಸಿದ್ದು. ಅದರ ಎರಡನೆಯ ಹಂತವೂ ಎಂಟರಿಂದ ಹನ್ನೆರಡು ವರ್ಷದವರಿಗೆ. ಅದರ ಅಂಕಗಳನ್ನು ನಲವತ್ತರವರಿಗೆ ಹಾಗೆಯೇ ಹೊಂದಿಸಲು ಬರುವುದಿಲ್ಲ. ಪದದಿಂದ ಒಂದು ಧ್ವನಿಯನ್ನು ತೆಗೆದು ಉಳಿದದ್ದನ್ನು ಹೇಳಿಸುವ ಪರೀಕ್ಷೆಯೂ ವಯಸ್ಕರಲ್ಲಿ ದಾರಿ ತಪ್ಪಿಸಬಹುದು. ಓದು ಕಲಿಯದ ವಯಸ್ಕರಿಗೆ ಇದು ಬಹಳ ಕಷ್ಟವೆಂದು ಪೋರ್ಚುಗಲ್‌ನಲ್ಲಿ ನಡೆದ ಅಧ್ಯಯನವೊಂದು 1979ರಲ್ಲೇ ತೋರಿಸಿತ್ತು. ಅಲ್ಲಿ ಕಾಣುವುದು ನ್ಯೂನತೆಯಲ್ಲ, ಸಿಗದೇ ಹೋದ ಶಿಕ್ಷಣ.

ಆದ್ದರಿಂದ ನಾನು ಹೆಚ್ಚು ನೆಚ್ಚಿದ್ದು ಹೋಲಿಕೆಗಳನ್ನು. ಸಮಾಜ ವಿಜ್ಞಾನದ ಒಂದು ಪುಟವನ್ನು ನಾನೇ ಓದಿ ಹೇಳಿ ಪ್ರಶ್ನೆ ಕೇಳಿದೆ. ಉತ್ತರಗಳು ಸರಾಗವಾಗಿ ಬಂದವು, ಒಂದೆರಡು ಕಡೆ ನನ್ನನ್ನೇ ತಿದ್ದಿದರು. ಅಷ್ಟೇ ಉದ್ದದ ಇನ್ನೊಂದು ಪುಟವನ್ನು ಅವರೇ ಓದಿದಾಗ ಕೊನೆ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಜಾರಿಹೋಗಿತ್ತು. ‘ಉಳಿತಾಯ’ ಎಂಬ ಪದವನ್ನು ಕಂಡ ಕೂಡಲೇ ಹೇಳುತ್ತಿದ್ದವರು, ಅದೇ ಅಕ್ಷರಗಳನ್ನು ಅದಲುಬದಲು ಮಾಡಿ ‘ತಾಳಿಯಉ’ ಎಂದು ಬರೆದುಕೊಟ್ಟಾಗ ಬೆವತರು. ಅಂದರೆ ಅವರು ಪದಗಳನ್ನು ಓದುತ್ತಿರಲಿಲ್ಲ, ಮುಖಗಳನ್ನು ಗುರುತು ಹಿಡಿದಂತೆ ಗುರುತು ಹಿಡಿಯುತ್ತಿದ್ದರು. ಬರವಣಿಗೆಯಲ್ಲಿ ಒತ್ತಕ್ಷರಗಳು ಉದುರುತ್ತಿದ್ದವು. ‘ರಾಷ್ಟ್ರ’ ಎಂಬುದು ‘ರಾಷ್ಟ’ ಆಗುತ್ತಿತ್ತು. ‘ಕಾರ್ಯ’ ಒಮ್ಮೆ ‘ಕಾಯ’, ಮುಂದಿನ ಸಾಲಿನಲ್ಲೇ ‘ಕಾಯ್ರ’. ಅರ್ಕಾವತ್ತು ಎಷ್ಟೋ ಜನರನ್ನು ಕಾಡುತ್ತದೆ, ನಿಜ. ಆದರೆ ಒಂದೇ ಪುಟದಲ್ಲಿ ಒಂದೇ ಪದ ಬೇರೆ ಬೇರೆ ರೂಪ ತಾಳುವುದು ನನ್ನನ್ನು ಎಚ್ಚರಿಸಿತು.

ಎಣಿಕೆಗೆ ತೆಗೆದುಕೊಳ್ಳದ ತಪ್ಪುಗಳೂ ಇದ್ದವು. ‘ಹಾಲು’ ಬದಲು ‘ಆಲು’, ‘ಶಾಲೆ’ ಬದಲು ‘ಸಾಲೆ’, ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ. ಇವು ಅವರ ಊರಿನ ಮಾತು. ಇವನ್ನು ನ್ಯೂನತೆಯ ಪಟ್ಟಿಗೆ ಸೇರಿಸಿದರೆ ಇಡೀ ಊರಿಗೇ ಪ್ರಮಾಣಪತ್ರ ಕೊಡಬೇಕಾಗುತ್ತದೆ.

ಬಾಲ್ಯದ ಕಥೆ ಉಳಿದದ್ದನ್ನು ಹೇಳಿತು. ಮನೆಯಲ್ಲಿ ಬಡತನ ಇತ್ತು, ಆದರೆ ಅಕ್ಕ, ತಮ್ಮ ಇಬ್ಬರೂ ಅದೇ ಶಾಲೆಯಲ್ಲಿ ಓದಿ ಪಾಸಾದವರು. ಇವರು ಶಾಲೆಗೆ ತಪ್ಪದೆ ಹೋದವರು, ಆದರೂ ನಾಲ್ಕನೆಯ ತರಗತಿಯಲ್ಲೂ ಕಾಗುಣಿತಕ್ಕೆ ಏಟು ತಿಂದವರು. ಸೋದರಮಾವನೂ ‘ಓದು ಹತ್ತದವನು’ ಎನಿಸಿಕೊಂಡಿದ್ದನಂತೆ. ಇದು ಕುಟುಂಬಗಳಲ್ಲಿ ಹರಿದುಬರುವುದುಂಟು.

ಓದಿನ ಕಲಿಕಾ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ ಇರುವ ಸಾಧ್ಯತೆ ಬಲವಾಗಿದೆ, ಲೆಕ್ಕದ ತೊಂದರೆ ಇಲ್ಲ ಎಂದು ಅವರಿಗೆ ತಿಳಿಸಿದೆ. ಇದು ಪ್ರಾಥಮಿಕ ಶೋಧನೆ ಮಾತ್ರ, ನಿರ್ಣಯ ಹೇಳಬೇಕಾದವರು ಚಿಕಿತ್ಸಾ ಮನೋವಿಜ್ಞಾನಿ ಎಂದೂ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ: “ಹಾಗಾದರೆ ನಾನು ದಡ್ಡಿ ಅಲ್ಲವೇ ಮೇಡಂ?” ಅಲ್ಲ ಎಂದೆ. ಬಡ್ಡಿ ಲೆಕ್ಕವನ್ನು ನೆನಪಿಸಿದೆ.

ಕೊಟ್ಟ ಸಲಹೆ

ಪಾಠವನ್ನು ಮೊದಲು ಕೇಳಿ, ಆಮೇಲೆ ಅದೇ ಪುಟವನ್ನು ಓದಿ ಎಂದೆ. ಮೊಬೈಲ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಅದನ್ನು ಅವರ ಮಗಳೇ ಹೊಂದಿಸಿಕೊಟ್ಟಳು. ದಿನಕ್ಕೆ ಹದಿನೈದು ನಿಮಿಷ ಒಂದೇ ಒತ್ತಕ್ಷರದ ಗುಂಪು: ಕೈಯಲ್ಲಿ ಬರೆಯುತ್ತಾ, ಬಾಯಲ್ಲಿ ಹೇಳುತ್ತಾ, ಅದು ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. ಪದಗಳನ್ನು ಪಠ್ಯಪುಸ್ತಕದಿಂದಲ್ಲ, ನಡಾವಳಿ ಪುಸ್ತಕದಿಂದ ಆರಿಸಿಕೊಂಡೆವು. ಠರಾವು, ಮಂಜೂರು, ಅಧ್ಯಕ್ಷೆ, ಸರ್ವಾನುಮತ. ಅವರಿಗೆ ಬೇಕಾಗಿದ್ದುದೂ ಅವೇ.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲಿ ನಮ್ಮ ನಡುವೆ ಹೆಚ್ಚು ಮಾತುಕತೆ ನಡೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದಾಗಿ ಸೇರಿಸಿದೆ. 2018ರ ಕೇಂದ್ರ ಮಾರ್ಗಸೂಚಿ ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನೂ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಹೇಳಿತ್ತು. ಶೇ 40ರಷ್ಟು ಅಂಗವೈಕಲ್ಯದ ಮಿತಿಯನ್ನು ಮುಟ್ಟದವರಿಗೂ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇದನ್ನೆಲ್ಲ ವಿವರಿಸಿದ ಮೇಲೆ ಅವರು, “ಆ ಕಾರ್ಡ್ ಇದೆಯೆಂದು ಸಂಘದಲ್ಲಿ ಗೊತ್ತಾದರೆ ಅಧ್ಯಕ್ಷೆಯಾಗಿ ಉಳಿಸುತ್ತಾರೆಯೇ?” ಎಂದರು. ಕಾಯ್ದೆಯಲ್ಲಿ ಇದಕ್ಕೆ ಉತ್ತರ ಹುಡುಕಿ ಫಲವಿಲ್ಲ. ಪ್ರಮಾಣಪತ್ರ ಪರೀಕ್ಷೆಯ ಅರ್ಜಿಗೆ ಬೇಕು, ಸಂಘಕ್ಕೆ ತೋರಿಸಬೇಕಾಗಿಲ್ಲ, ಯಾರಿಗೆ ಹೇಳಬೇಕೆಂಬುದು ಅವರದೇ ನಿರ್ಧಾರ ಎಂದೆ. ಒತ್ತಾಯಿಸಲಿಲ್ಲ. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ದಿನಾಂಕ ಸಿಗಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಪರೀಕ್ಷಾ ಅರ್ಜಿ ತುಂಬುವುದಕ್ಕೆ ಸಾಕಷ್ಟು ಮೊದಲೇ ತೀರ್ಮಾನಿಸಿ ಎಂದಷ್ಟೇ ಹೇಳಿದೆ.

ಶಿಕ್ಷಕರಿಗೆ ಆ ಮಹಿಳೆಯ ಅನುಮತಿ ಪಡೆದು ಬರೆದದ್ದು ಚಿಕ್ಕ ಪತ್ರ. ಸರದಿಯ ಮೇಲೆ ಗಟ್ಟಿಯಾಗಿ ಓದಿಸುವುದನ್ನು ಇಡೀ ತರಗತಿಗೇ ನಿಲ್ಲಿಸಿ, ಇವರೊಬ್ಬರಿಗೆ ವಿನಾಯಿತಿ ಕೊಟ್ಟರೆ ಎಲ್ಲರೂ ಕಾರಣ ಕೇಳುತ್ತಾರೆ. ದಾಖಲಾತಿಯ ದಿನವೇ ಎಲ್ಲರಿಗೂ ಕಲಿಕೆಯ ತೊಂದರೆ ಗುರುತಿಸುವ ಶೋಧನಾ ಪಟ್ಟಿ ಹಂಚುವ ಯೋಚನೆ ಶಿಕ್ಷಕರಿಗಿತ್ತು. ಬೇಡ ಎಂದೆ. ಶಾಲೆಯಲ್ಲಿ ಸೋತು ಹೋದವರಿಗೆ ಮೊದಲ ದಿನವೇ ಇನ್ನೊಂದು ಪರೀಕ್ಷೆ ಇಟ್ಟರೆ ಎರಡನೆಯ ದಿನ ಬೆಂಚು ಖಾಲಿ. ಕೆಲವು ವಾರ ಪಾಠ ಮಾಡಿ, ಯಾರಿಗೆ ಹತ್ತುತ್ತಿಲ್ಲವೋ ಅವರನ್ನು ಒಬ್ಬೊಬ್ಬರಾಗಿ ಕರೆದು ಮಾತನಾಡಿಸಿ.

ಇತ್ತೀಚೆಗೆ ಅವರು ಬಂದಾಗ ಓದು ಈಗಲೂ ನಿಧಾನವೇ, ಆದರೆ ಊಹೆ ಕಡಿಮೆಯಾಗಿತ್ತು. ಈ ವರ್ಷ ಪರೀಕ್ಷೆಗೆ ಕೂರುವುದಿಲ್ಲವಂತೆ. ಜಿಲ್ಲಾ ಆಸ್ಪತ್ರೆಗೆ ಯಾವ ವಾರ ಹೋಗಬೇಕು, ಯಾವ ದಾಖಲೆ ಒಯ್ಯಬೇಕು ಎಂದು ಕೇಳಿ, ನಾನು ಹೇಳಿದ್ದನ್ನು ತಾವೇ ಬರೆದುಕೊಂಡರು.